ಗೇ ಗೇಮ್ಸ್‌ನ ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಅಲ್ಲಿಗೆ ತಲುಪೋದು ಹೇಗೆ?

ಎಲ್‌ಜಿಬಿಟಿ (ಸಲಿಂಗಿಗಳು, ದ್ವಿಲಿಂಗಾಸಕ್ತರು, ಟ್ರಾನ್ಸ್ ಜನ) ಸಮುದಾಯ ಕಟ್ಟಿದ ಅಂತರರಾಷ್ಟ್ರೀಯ ಕೂಟ ಗೇ ಗೇಮ್ಸ್‌ನ ಹನ್ನೆರಡನೇ ಆವೃತ್ತಿ ಸ್ಪೇನ್‌ನ ವೆಲೆನ್ಸಿಯಾ ನಗರಕ್ಕೆ ನಿಗದಿಯಾಗಿದೆ. ದಿನಾಂಕ 2026ರ ಜೂನ್ 27ರಿಂದ ಜುಲೈ 4. ಈ ಸುದ್ದಿ ಓದಿದವರಿಗೆ ಎರಡು ಮೂರು ಕಡೆ ಗೊಂದಲ ಆಗುತ್ತದೆ. ಹೆಸರಲ್ಲೇ ಗೇ ಅಂತ ಇದೆ, ಆದರೆ ಯಾರು ಬೇಕಾದರೂ ಆಡಬಹುದಂತೆ. ಕ್ರೀಡಾಕೂಟ ಅಂತಾರೆ, ಆದರೆ ಹಾಡುವ ತಂಡಗಳೂ ಬರುತ್ತವೆ. ನಾಲ್ಕು ವರ್ಷಕ್ಕೊಮ್ಮೆ ಅಂತಾರೆ, ಆದರೆ ಹಿಂದಿನದು ನಡೆದದ್ದು 2023ರಲ್ಲಿ. ಇಷ್ಟು ದೊಡ್ಡ ಹಬ್ಬ ಊರಿಗೆ ಬರುವಾಗ ವೆಲೆನ್ಸಿಯಾದ ಕೆಲವು ಎಲ್‌ಜಿಬಿಟಿ ಸಂಘಟನೆಗಳೇ ಅದರಿಂದ ದೂರ ನಿಂತಿವೆ. ಇದೇನು ಕಥೆ?

ಬಹಳಷ್ಟು ಗೊಂದಲ ಹುಟ್ಟುವುದು ‘ಎಲ್ಲರಿಗೂ ಮುಕ್ತ’ ಅನ್ನುವ ಎರಡು ಪದಗಳಿಂದ. ಕರಪತ್ರದ ಕೊನೆಗೆ ಸುಮ್ನೆ ಸೇರಿಸುವ ಮಾತು ಅಂತ ನಾವು ಅದನ್ನು ದಾಟಿ ಹೋಗುತ್ತೇವೆ. ಆದರೆ ಈ ಕೂಟ ನಿಂತಿರುವುದೇ ಆ ಮಾತಿನ ಮೇಲೆ. ಕೂಟ ನಡೆಸುವ ಊರು, ಅಲ್ಲಿನ ಸರ್ಕಾರ, ವೀಸಾ, ದುಡ್ಡು ಎಲ್ಲವೂ ಪ್ರತಿ ಸಲ ಅದೇ ಮಾತನ್ನು ಜಗ್ಗಾಡುತ್ತವೆ.

ಅರ್ಹತಾ ಸುತ್ತು ಇಲ್ಲ

ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಮೊದಲು ಇಂತಿಷ್ಟು ಸೆಕೆಂಡಿನಲ್ಲಿ ಓಡಬೇಕು, ಆಮೇಲೆ ದೇಶ ನಿಮ್ಮನ್ನು ಆರಿಸಬೇಕು. ಗೇ ಗೇಮ್ಸ್‌ನಲ್ಲಿ ಇದ್ಯಾವುದೂ ಇಲ್ಲ. ಹೆಸರು ನೋಂದಾಯಿಸಿ ಶುಲ್ಕ ಕಟ್ಟಿದರೆ ನೀವೂ ಸ್ಪರ್ಧಿ. ಯಾವ ಸರ್ಕಾರವೂ ತಂಡ ಆರಿಸಿ ಕಳಿಸುವುದಿಲ್ಲ. ಒಬ್ಬೊಬ್ಬರಾಗಿ ಬರುತ್ತಾರೆ, ಕ್ಲಬ್ಬಿನ ಜೊತೆ ಬರುತ್ತಾರೆ, ತಮ್ಮ ಊರಿನ ಹೆಸರಿನಲ್ಲಿ ಬರುತ್ತಾರೆ. ಕೂಟದ ಗುರಿಯನ್ನು ಮೂರು ಮಾತಿನಲ್ಲಿ ಹೇಳುತ್ತಾರೆ: ಭಾಗವಹಿಸುವುದು, ಎಲ್ಲರನ್ನೂ ಸೇರಿಸಿಕೊಳ್ಳುವುದು, ತನ್ನ ಕೈಲಾದ ಅತ್ಯುತ್ತಮ ಆಟ ಆಡುವುದು.

ಹಾಗಂತ ಆಟ ಸಡಿಲವಾಗಿರುತ್ತದೆ ಅಂದುಕೊಳ್ಳಬೇಡಿ. ಈಜು, ಓಟದಂಥ ಆಟಗಳಲ್ಲಿ ವಯಸ್ಸಿಗೆ ತಕ್ಕ ಗುಂಪುಗಳಿರುತ್ತವೆ. ಅರವತ್ತು ದಾಟಿದವರು ಇಪ್ಪತ್ತೈದರ ಹುಡುಗರ ಜೊತೆ ಪದಕಕ್ಕೆ ಹೆಣಗಬೇಕಾಗಿಲ್ಲ. 1994ರ ನ್ಯೂಯಾರ್ಕ್ ಕೂಟದಲ್ಲಿ ಮಾಸ್ಟರ್ಸ್ ಈಜಿನ (ವಯಸ್ಸಿನ ಗುಂಪುಗಳಲ್ಲಿ ನಡೆಯುವ ವಯಸ್ಕರ ಈಜು) ವಿಶ್ವದಾಖಲೆಗಳೇ ಮುರಿದಿದ್ದವು.

ಅದೇ ಈಜುಕೊಳದಲ್ಲಿ ‘ಪಿಂಕ್ ಫ್ಲೆಮಿಂಗೊ’ ಅನ್ನುವ ಇನ್ನೊಂದು ಸ್ಪರ್ಧೆಯೂ ನಡೆಯುತ್ತದೆ. ಈಜುಗಾರರು ಬಣ್ಣಬಣ್ಣದ ವೇಷ ತೊಟ್ಟು ಕೊಳದ ಅಂಚಿನಲ್ಲಿ ಪುಟ್ಟ ಪ್ರಹಸನ ಆಡುತ್ತಾರೆ. ರಿಲೇ ಓಟದ ಕೋಲಿನ ಜಾಗದಲ್ಲಿ ಪ್ಲಾಸ್ಟಿಕ್ಕಿನ ಗುಲಾಬಿ ಹಕ್ಕಿ ಇರುತ್ತದೆ. ಬೆಳಿಗ್ಗೆ ಸೆಕೆಂಡಿನ ನೂರನೇ ಭಾಗಕ್ಕೆ ಹೋರಾಡಿದವರೇ ಇಲ್ಲಿ ಜನರನ್ನು ನಗಿಸಲು ನೀರಿಗೆ ಧುಮುಕುತ್ತಾರೆ. ಗಾಯನ ತಂಡಗಳು, ವಾದ್ಯ ತಂಡಗಳು ಬರುವುದೂ ಇದೇ ಮನಸ್ಸಿನಿಂದ. ಶುರುವಿನಿಂದಲೂ ಇದು ಆಟ ಮತ್ತು ಕಲೆ ಎರಡೂ ಸೇರಿದ ಹಬ್ಬ.

ಒಂದು ಪದದ ಜಗಳ

ಇದನ್ನು ಕಟ್ಟಿದವರು ಟಾಮ್ ವಾಡೆಲ್. ವೃತ್ತಿಯಲ್ಲಿ ವೈದ್ಯರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಡೆಕಾಥ್ಲಾನ್‌ನಲ್ಲಿ ಅಮೆರಿಕದ ಪರ ಆರನೇ ಸ್ಥಾನ ಗಳಿಸಿದವರು. ಒಲಿಂಪಿಕ್ಸ್‌ನ ಸಂಭ್ರಮ ಏನು ಅಂತ ಅವರಿಗೆ ಒಳಗಿನಿಂದ ಗೊತ್ತಿತ್ತು. ತಾನು ಸಲಿಂಗಿ ಅಂತ ಹೇಳಿಕೊಂಡವರಿಗೆ ಕ್ರೀಡಾ ಜಗತ್ತಿನಲ್ಲಿ ಜಾಗವಿಲ್ಲ ಅನ್ನುವುದೂ ಗೊತ್ತಿತ್ತು. ಅವರು ಕನಸು ಕಂಡ ಕೂಟದ ಹೆಸರು ‘ಗೇ ಒಲಿಂಪಿಕ್ಸ್’.

ಅಮೆರಿಕದ ಒಲಿಂಪಿಕ್ ಸಮಿತಿ ಕೋರ್ಟಿಗೆ ಹೋಯಿತು. 1978ರ ಒಂದು ಕಾಯ್ದೆ ‘ಒಲಿಂಪಿಕ್’ ಅನ್ನುವ ಪದದ ಮೇಲೆ ಆ ಸಮಿತಿಗೆ ಹಕ್ಕು ಕೊಟ್ಟಿತ್ತು. ಉದ್ಘಾಟನೆಗೆ ಇನ್ನು ಕೆಲವೇ ವಾರ ಇದ್ದಾಗ ತಡೆಯಾಜ್ಞೆ ಬಂತು. ಅಚ್ಚಾಗಿದ್ದ ಸಾಮಗ್ರಿಯಿಂದ ಆ ಒಂದು ಪದ ಹೋಗಲೇಬೇಕಾಯಿತು. ಹೀಗೆ ಉಳಿದದ್ದು ‘ಗೇ ಗೇಮ್ಸ್’. 1982ರ ಆಗಸ್ಟ್ 28ರಂದು ಸ್ಯಾನ್ ಫ್ರಾನ್ಸಿಸ್ಕೊದ ಕೀಜರ್ ಕ್ರೀಡಾಂಗಣದಲ್ಲಿ ಕೂಟ ಶುರುವಾಯಿತು. ಸುಮಾರು 1,350 ಜನ ಭಾಗವಹಿಸಿದರು.

ವಾಡೆಲ್ ಕೇಳಿದ ಪ್ರಶ್ನೆ ನೇರವಾಗಿತ್ತು. ವಿಶೇಷ ಚೇತನರಿಗೆ ‘ಸ್ಪೆಷಲ್ ಒಲಿಂಪಿಕ್ಸ್’ ಇದೆ, ಆ ಪದ ಬಳಸುವ ಇನ್ನೂ ಎಷ್ಟೋ ಸ್ಪರ್ಧೆಗಳಿವೆ. ನಾವು ಬಳಸಿದಾಗ ಮಾತ್ರ ಕೋರ್ಟು ಯಾಕೆ? ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1987ರ ಜೂನ್ 25ರಂದು ತೀರ್ಪು ಒಲಿಂಪಿಕ್ ಸಮಿತಿಯ ಪರ ಬಂತು. ತಾರತಮ್ಯದ ಪ್ರಶ್ನೆಯಲ್ಲಿ ನ್ಯಾಯಮೂರ್ತಿಗಳು 5–4ರಂತೆ ಇಬ್ಭಾಗವಾದರು. ಸಮಿತಿ ಸರ್ಕಾರದ ಅಂಗವಲ್ಲ, ಹಾಗಾಗಿ ಸಂವಿಧಾನದ ಸಮಾನತೆಯ ನಿಯಮ ಅದಕ್ಕೆ ಅನ್ವಯಿಸದು ಅನ್ನುವುದು ಬಹುಮತದ ವಾದ. ವಕೀಲರ ಖರ್ಚು ವಸೂಲಿಗೆ ವಾಡೆಲ್ ಅವರ ಮನೆಯ ಮೇಲೂ ಸಮಿತಿ ಹಕ್ಕು ಸಾಧಿಸಿತು. ತೀರ್ಪು ಬಂದ ಹದಿನಾರನೇ ದಿನ, ಜುಲೈ 11ರಂದು, ಅವರು ಏಡ್ಸ್‌ನಿಂದ ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಈ ಪ್ರಕರಣದ ಒಂದು ವಿವರ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಒಲಿಂಪಿಕ್ ಸಮಿತಿಯ ಪರ ವಾದಿಸಿದ ವಕೀಲರಲ್ಲಿ ಒಬ್ಬರು ವಾನ್ ವಾಕರ್. ಮುಂದೆ ಅವರು ನ್ಯಾಯಾಧೀಶರಾದರು. ಕ್ಯಾಲಿಫೋರ್ನಿಯಾದ ಸಲಿಂಗ ವಿವಾಹ ನಿಷೇಧವನ್ನು 2010ರಲ್ಲಿ ರದ್ದು ಮಾಡಿದವರು ಅವರೇ. ನಿವೃತ್ತಿಯ ನಂತರ ತಾವೂ ಸಲಿಂಗಿ ಎಂದು ಹೇಳಿದರು. ಆ ಕಾಲದಲ್ಲಿ ಎಷ್ಟು ಜನ ಎಷ್ಟನ್ನು ಒಳಗೇ ಇಟ್ಟುಕೊಂಡು ಬದುಕಿದರು ಅಂತ ಇದರಿಂದಲೇ ಊಹಿಸಬಹುದು.

ಬೇರೆಯವರಿಗೂ ಜಾಗ ಯಾಕೆ?

ಸಲಿಂಗಿಗಳನ್ನು ಹೊರಗಿಟ್ಟ ಕ್ರೀಡಾ ಜಗತ್ತಿಗೆ ಉತ್ತರವಾಗಿ ಬಂದ ಕೂಟ ಇದು. ಹಾಗಿದ್ದರೂ ಬೇರೆಯವರನ್ನು ಹೊರಗಿಡಲಿಲ್ಲ. ಒಂದು ಕಾರಣ ಆದರ್ಶ. ಹೊರಗಿಡುವುದರ ನೋವು ಗೊತ್ತಿರುವವರು ಅದನ್ನೇ ಮತ್ತೆ ಮಾಡಬಾರದು ಅಂತ ವಾಡೆಲ್ ನಂಬಿದ್ದರು.

ಇನ್ನೊಂದು ಕಾರಣ ತೀರಾ ವ್ಯವಹಾರದ್ದು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ. ಸಲಿಂಗಿಗಳಿಗೆ ಮಾತ್ರ ಅಂತ ನಿಯಮ ಇದ್ದಿದ್ದರೆ ಏನಾಗುತ್ತಿತ್ತು, ಯೋಚಿಸಿ. ಸ್ಪರ್ಧಿಗಳ ಪಟ್ಟಿ ಸಲಿಂಗಿಗಳ ಪಟ್ಟಿ ಆಗಿಬಿಡುತ್ತಿತ್ತು. ಎದೆ ಮೇಲೆ ನಂಬರ್ ಹಚ್ಚಿಕೊಂಡ ಒಂದು ಫೋಟೊ ಸಾಕಿತ್ತು, ಮನೆಯಲ್ಲಿ, ಕೆಲಸದ ಜಾಗದಲ್ಲಿ, ಊರಿನ ಪೊಲೀಸರ ಬಳಿ ಸಾಕ್ಷಿಯಾಗಲು. ಇಂದಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಅಪರಾಧ. ಬಾಗಿಲು ಎಲ್ಲರಿಗೂ ತೆರೆದಿದ್ದರೆ ಯಾರು ಯಾಕೆ ಬಂದರು ಅಂತ ಯಾರೂ ಹೇಳಲಾಗದು. ತಂಗಿಯ ಜೊತೆ ಬಂದ ಅಣ್ಣ ಇರಬಹುದು, ಬ್ಯಾಡ್ಮಿಂಟನ್ ಜೋಡಿ ಬೇಕಿದ್ದ ಗೆಳತಿ ಇರಬಹುದು, ಇನ್ನೂ ಯಾರ ಬಳಿಯೂ ಹೇಳಿಕೊಳ್ಳದವರೂ ಇರಬಹುದು. ಆ ಗುಂಪಿನ ನಡುವೆ ಅವರಿಗೆ ಒಂದು ನೆರಳು ಸಿಗುತ್ತದೆ. ಇದಿಲ್ಲದಿದ್ದರೆ ಬಾಗಿಲಲ್ಲಿ ನಿಂತು ‘ನೀನು ನಿಜವಾಗಿ ಸಲಿಂಗಿಯೇ?’ ಅಂತ ಕೇಳಬೇಕಾಗುತ್ತಿತ್ತು. ಅಂಥ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ಅಲ್ವಾ ಜನ ಇಲ್ಲಿಗೆ ಬರುವುದು?

ಈಗಲೂ ಪ್ರತ್ಯೇಕ ಕೂಟ ಬೇಕಾ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಮ್ಮ ಗುರುತನ್ನು ಬಹಿರಂಗವಾಗಿ ಹೇಳಿಕೊಂಡ ಎಲ್‌ಜಿಬಿಟಿ ಆಟಗಾರರು 190ಕ್ಕೂ ಹೆಚ್ಚು ಇದ್ದರು ಅಂತ ಎಲ್‌ಜಿಬಿಟಿ ಕ್ರೀಡಾ ಸುದ್ದಿತಾಣ ಔಟ್‌ಸ್ಪೋರ್ಟ್ಸ್ ಲೆಕ್ಕ ಹಾಕಿದೆ. ಮುಖ್ಯ ಕ್ರೀಡಾಂಗಣವೇ ಇಷ್ಟು ತೆರೆದುಕೊಂಡಿರುವಾಗ ಬೇರೆ ಅಂಗಳ ಯಾಕೆ ಅನ್ನುವುದು ಒಂದು ವಾದ. ಸಮುದಾಯದ ಒಳಗೂ ಇದನ್ನು ಹೇಳುವವರಿದ್ದಾರೆ.

ಆದರೆ ಆ ಪಟ್ಟಿಯಲ್ಲಿ ದೊಡ್ಡ ಪಾಲು ಮಹಿಳೆಯರದು. ಪುರುಷರ ತಂಡ ಆಟಗಳಲ್ಲಿ ಮೌನ ಇನ್ನೂ ಗಟ್ಟಿಯಾಗಿದೆ. ಬ್ರಿಟನ್ನಿನ ವೃತ್ತಿಪರ ಫುಟ್‌ಬಾಲ್ ನೋಡಿ. ಜಸ್ಟಿನ್ ಫಶಾನು 1990ರಲ್ಲಿ ತಾನು ಸಲಿಂಗಿ ಎಂದು ಹೇಳಿದರು. ಆಡುತ್ತಿರುವಾಗಲೇ ಹಾಗೆ ಹೇಳುವ ಮುಂದಿನ ಪುರುಷ ಆಟಗಾರ ಜೇಕ್ ಡೇನಿಯಲ್ಸ್ ಬರಲು 2022 ಆಗಬೇಕಾಯಿತು. ಅದೇ ವರ್ಷ ಕತಾರ್ ವಿಶ್ವಕಪ್‌ನಲ್ಲಿ ತಾರತಮ್ಯದ ವಿರುದ್ಧದ ‘ಒನ್ ಲವ್’ ತೋಳುಪಟ್ಟಿ ಧರಿಸಿದರೆ ಹಳದಿ ಕಾರ್ಡ್ ಅಂತ ಫಿಫಾ ಎಚ್ಚರಿಸಿತು. ಏಳು ತಂಡಗಳು ಪಟ್ಟಿ ಕಟ್ಟುವುದನ್ನೇ ಕೈಬಿಟ್ಟವು.

ಪ್ರತ್ಯೇಕ ಅಂಗಳದಿಂದ ಮುಖ್ಯ ಅಂಗಳಕ್ಕೆ ಬಂದದ್ದೂ ಇದೆ. ಗೇ ಗೇಮ್ಸ್‌ನ ಐಸ್ ಸ್ಕೇಟಿಂಗ್‌ನಲ್ಲಿ ಇಬ್ಬರು ಹೆಂಗಸರು ಅಥವಾ ಇಬ್ಬರು ಗಂಡಸರು ಜೋಡಿಯಾಗುವುದು ದಶಕಗಳಿಂದ ಮಾಮೂಲಿ. 2022ರ ಡಿಸೆಂಬರ್‌ನಲ್ಲಿ ಕೆನಡಾದ ಸ್ಕೇಟಿಂಗ್ ಸಂಸ್ಥೆ ತನ್ನ ದೇಶದ ಸ್ಪರ್ಧೆಗಳಲ್ಲಿ ಜೋಡಿಗೆ ಹೆಣ್ಣು–ಗಂಡು ಅನ್ನುವ ಷರತ್ತನ್ನು ತೆಗೆದುಹಾಕಿತು. ಒಂದು ಕಡೆ ಆಡಿ ತೋರಿಸಿದ್ದು ಇನ್ನೊಂದು ಕಡೆ ನಿಯಮವಾಗಲು ಇಷ್ಟು ಕಾಲ ಹಿಡಿಯುತ್ತದೆ.

ಯಾರು ಯಾವ ವಿಭಾಗದಲ್ಲಿ?

ಸದ್ಯಕ್ಕೆ ಜಾಸ್ತಿ ಬಿಸಿ ಇರುವುದು ಈ ಪ್ರಶ್ನೆಗೆ. ವಿಶ್ವ ಈಜು ಸಂಸ್ಥೆ 2022ರಲ್ಲಿ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲಿ, ಗಂಡಾಗಿ ಹರೆಯ ದಾಟಿದ ಟ್ರಾನ್ಸ್ ಮಹಿಳೆಯರನ್ನು (ಹುಟ್ಟಿದಾಗ ಗಂಡು ಅನ್ನಿಸಿಕೊಂಡು, ತಮ್ಮನ್ನು ಹೆಣ್ಣು ಎಂದು ಗುರುತಿಸಿಕೊಳ್ಳುವವರು) ಮಹಿಳಾ ವಿಭಾಗದಿಂದ ಹೊರಗಿಟ್ಟವು. 2025ರ ಸೆಪ್ಟೆಂಬರ್‌ನಿಂದ ವಿಶ್ವ ಮಟ್ಟದ ಮಹಿಳಾ ಅಥ್ಲೀಟುಗಳಿಗೆ ಒಂದು ಸಲದ ಜೀನ್ ಪರೀಕ್ಷೆಯೂ ಕಡ್ಡಾಯವಾಗಿದೆ. ಹರೆಯದಲ್ಲಿ ಬರುವ ಎತ್ತರ, ಎಲುಬು, ಸ್ನಾಯುವಿನ ಬಲ ಹಾರ್ಮೋನ್ ಚಿಕಿತ್ಸೆಯಿಂದ ಪೂರ್ತಿ ಹೋಗುವುದಿಲ್ಲ, ಇದು ಬೇರೆ ಮಹಿಳೆಯರಿಗೆ ಅನ್ಯಾಯ ಅನ್ನುವುದು ಅವುಗಳ ವಾದ. ಇದನ್ನು ಒಪ್ಪದವರು ಹೇಳುವುದು: ಎಲ್ಲ ಆಟಕ್ಕೂ ಒಂದೇ ಅಳತೆ ಸರಿಯಲ್ಲ, ಪರೀಕ್ಷೆಯ ಹೆಸರಿನಲ್ಲಿ ಎಲ್ಲ ಮಹಿಳೆಯರ ಮೈಯನ್ನೂ ಅನುಮಾನದಿಂದ ನೋಡುವಂತಾಗುತ್ತದೆ.

ಗೇ ಗೇಮ್ಸ್ ಬೇರೆ ದಾರಿ ಹಿಡಿದಿದೆ. ತಾವು ಯಾರು ಅಂತ ಸ್ಪರ್ಧಿ ಹೇಳಿಕೊಳ್ಳುತ್ತಾರೋ ಆ ವಿಭಾಗದಲ್ಲಿ ಆಡಬಹುದು. ಇದು ಮೊದಲಿನಿಂದ ಹೀಗೇ ಇರಲಿಲ್ಲ. 1998ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಟ್ರಾನ್ಸ್ ಸ್ಪರ್ಧಿಗಳಿಂದ ದಾಖಲೆ ಕೇಳಿ ಬೇಸರಕ್ಕೆ ಕಾರಣವಾಗಿತ್ತು. 2002ರ ಸಿಡ್ನಿ ಕೂಟ ನಿಯಮವನ್ನು ಬಹಳ ಸಡಿಲಿಸಿತು. ಆಸ್ಟ್ರೇಲಿಯಾದ ಮೂಲನಿವಾಸಿ ‘ಸಿಸ್ಟರ್‌ಗರ್ಲ್‌’ಗಳಂತೆ, ಪಾಶ್ಚಾತ್ಯ ವೈದ್ಯಕೀಯದ ಚೌಕಟ್ಟಿಗೆ ಸಿಗದ ಗುರುತುಗಳಿಗೂ ಜಾಗ ಕೊಟ್ಟಿತು.

ಇಲ್ಲಿ ಒಂದನ್ನು ಗಮನಿಸಬೇಕು. ಒಲಿಂಪಿಕ್ ಪದಕದ ಹಿಂದೆ ವೃತ್ತಿಬದುಕು, ಪ್ರಾಯೋಜಕರು, ಸರ್ಕಾರದ ಬಹುಮಾನ ಎಲ್ಲ ಇರುತ್ತದೆ. ಗೇ ಗೇಮ್ಸ್ ಪದಕದ ಹಿಂದೆ ಅದ್ಯಾವುದೂ ಇಲ್ಲ. ಹಾಗಾಗಿ ಎರಡೂ ಕಡೆ ಒಂದೇ ನಿಯಮ ಇರಬೇಕು ಅನ್ನುವ ಹಟ ನನಗೆ ಸರಿ ಕಾಣುವುದಿಲ್ಲ. ಆದರೂ ಘರ್ಷಣೆ ತಪ್ಪಿದ್ದಲ್ಲ. ದಾಖಲೆಗಳಿಗೆ ಅಧಿಕೃತ ಮಾನ್ಯತೆ ಬೇಕಾದರೆ ಆಯಾ ಆಟದ ಸಂಸ್ಥೆಯ ನಿಯಮ ಪಾಲಿಸಬೇಕು. ಸಂಸ್ಥೆಗಳ ನಿಯಮ ಬಿಗಿಯಾದಷ್ಟೂ ಮಾನ್ಯತೆ ಮುಖ್ಯವೋ ಎಲ್ಲರನ್ನೂ ಸೇರಿಸಿಕೊಳ್ಳುವುದು ಮುಖ್ಯವೋ ಅನ್ನುವ ಆಯ್ಕೆ ಆಯೋಜಕರ ಮುಂದೆ ಬರುತ್ತದೆ.

ಹಾಂಗ್‌ಕಾಂಗ್‌ನಲ್ಲಿ ಆದದ್ದು

ನಾಲ್ಕು ವರ್ಷದ ಲೆಕ್ಕ ತಪ್ಪಿದ್ದು ಇಲ್ಲಿಂದ. 2017ರಲ್ಲಿ ಹಾಂಗ್‌ಕಾಂಗ್ ವಾಷಿಂಗ್ಟನ್ ಮತ್ತು ಮೆಕ್ಸಿಕೊದ ಗ್ವಾಡಲಹಾರಾವನ್ನು ಹಿಂದಿಕ್ಕಿ 2022ರ ಆತಿಥ್ಯ ಪಡೆಯಿತು. ಏಷ್ಯಾಕ್ಕೆ ಅದೇ ಮೊದಲು. ಸುಮಾರು 12,000 ಸ್ಪರ್ಧಿಗಳು ಬರುತ್ತಾರೆ ಅನ್ನುವ ನಿರೀಕ್ಷೆ ಇತ್ತು. ಆಮೇಲೆ 2019ರ ಪ್ರತಿಭಟನೆಗಳು, ಚೀನಾ 2020ರಲ್ಲಿ ತಂದ ರಾಷ್ಟ್ರೀಯ ಭದ್ರತಾ ಕಾನೂನು, ಕೋವಿಡ್ ಒಂದರ ಹಿಂದೆ ಒಂದು ಬಂದವು. ಕೂಟ 2023ರ ನವೆಂಬರ್‌ಗೆ ಮುಂದೆ ಹೋಯಿತು. ಹಿಂದೆ ಸೋತಿದ್ದ ಗ್ವಾಡಲಹಾರಾವನ್ನು ಜೊತೆಗೆ ಸೇರಿಸಿಕೊಳ್ಳಲಾಯಿತು. ಒಂದೇ ಕೂಟ ಎರಡು ಖಂಡಗಳಲ್ಲಿ ನಡೆಯಿತು.

ಬರಲು ಹೆದರಿದವರೂ ಇದ್ದರು. ತೈವಾನ್‌ನ ಆಯೋಜಕರು ತಂಡ ಕಳಿಸುವುದಿಲ್ಲ ಅಂದರು. ತಮ್ಮ ಬಾವುಟ ಹಿಡಿದರೆ ಭದ್ರತಾ ಕಾನೂನಿನಡಿ ಬಂಧನ ಆಗಬಹುದು ಅನ್ನುವುದು ಅವರ ಭಯ. ಕೆಲವು ಮಾನವ ಹಕ್ಕು ಹೋರಾಟಗಾರರು ಕೂಟವನ್ನೇ ರದ್ದು ಮಾಡಿ ಅಂತ ಕೇಳಿದರು. ಹಾಂಗ್‌ಕಾಂಗ್‌ನ ಕೆಲವು ಶಾಸಕರೂ ರದ್ದು ಮಾಡಿ ಅಂದರು, ಆದರೆ ಪೂರಾ ತಿರುಗುಮುರುಗು ಕಾರಣಕ್ಕೆ: ಇದೊಂದು ಪಾಶ್ಚಾತ್ಯ ಸಂಚು ಅಂತ. ನಡುವೆ ಸಿಕ್ಕಿಕೊಂಡವರು ಅಲ್ಲಿನ ಸ್ವಯಂಸೇವಕರು. ರದ್ದಾದರೆ ತಮ್ಮ ನಗರದಲ್ಲಿ ಇಂಥ ಅವಕಾಶ ಮತ್ತೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಕೊನೆಗೆ ಹಾಂಗ್‌ಕಾಂಗ್‌ಗೆ ಬಂದವರು ಎರಡು ಸಾವಿರದ ಚಿಲ್ಲರೆ. ಫಲ ಏನು? ಕೂಟಕ್ಕೆ ಎರಡು ತಿಂಗಳ ಮೊದಲು ಅಲ್ಲಿನ ಅತ್ಯುನ್ನತ ಕೋರ್ಟು ಸಲಿಂಗ ಜೋಡಿಗಳಿಗೆ ಕಾನೂನಿನ ಮಾನ್ಯತೆ ಕೊಡುವ ವ್ಯವಸ್ಥೆಯನ್ನು ಎರಡು ವರ್ಷದೊಳಗೆ ಮಾಡಿ ಅಂತ ಸರ್ಕಾರಕ್ಕೆ ಹೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆ ಮಸೂದೆಯನ್ನು ಶಾಸನಸಭೆ ತಿರಸ್ಕರಿಸಿತು. ಕ್ರೀಡಾಕೂಟ ಬಂದು ಹೋದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ.

ವೆಲೆನ್ಸಿಯಾದ ಇಕ್ಕಟ್ಟು

ಸ್ಪೇನ್ ಹಾಂಗ್‌ಕಾಂಗ್ ಅಲ್ಲ. ಅಲ್ಲಿ ಸಲಿಂಗ ವಿವಾಹ 2005ರಿಂದ ಕಾನೂನುಬದ್ಧ. ಟ್ರಾನ್ಸ್ ಜನರ ಹಕ್ಕಿಗೆ 2023ರಲ್ಲಿ ರಾಷ್ಟ್ರಮಟ್ಟದ ಕಾನೂನು ಬಂದಿದೆ. ತೊಂದರೆ ಶುರುವಾದದ್ದು ನಗರದ ರಾಜಕೀಯದಲ್ಲಿ. 2021ರಲ್ಲಿ ಆತಿಥ್ಯ ಸಿಕ್ಕಾಗ ನಗರಸಭೆ ಎಡಪಂಥೀಯರ ಕೈಯಲ್ಲಿತ್ತು. 2023ರ ಚುನಾವಣೆಯಲ್ಲಿ ಬಲಪಂಥೀಯ ಪೀಪಲ್ಸ್ ಪಾರ್ಟಿ ಗೆದ್ದು, ಆಮೇಲೆ ವಾಕ್ಸ್ ಪಕ್ಷದ ಜೊತೆ ಸೇರಿ ಆಡಳಿತ ಹಿಡಿಯಿತು. ಎಲ್‌ಜಿಬಿಟಿ ಕಾನೂನುಗಳನ್ನು ಬಹಿರಂಗವಾಗಿ ವಿರೋಧಿಸುವ ಪಕ್ಷ ವಾಕ್ಸ್.

ಹೊಸ ಆಡಳಿತ ಕೂಟವನ್ನು ಕೈಬಿಡಲಿಲ್ಲ. ಪ್ರವಾಸಿಗರು ಬರುತ್ತಾರೆ, ಹೋಟೆಲು ತುಂಬುತ್ತದೆ, ನಗರಕ್ಕೆ ಹೆಸರು ಬರುತ್ತದೆ. ಆಗ ಸ್ಥಳೀಯ ಸಂಘಟನೆಗಳಲ್ಲಿ ಒಡಕು ಮೂಡಿತು. ವರ್ಷವಿಡೀ ನಮ್ಮ ಹಕ್ಕುಗಳಿಗೆ ಅಡ್ಡ ಬರುವವರು ಒಂದು ವಾರ ಕಾಮನಬಿಲ್ಲಿನ ಬಾವುಟದ ಕೆಳಗೆ ಫೋಟೊ ತೆಗೆಸಿಕೊಂಡರೆ ಅದಕ್ಕೆ ನಾವು ಸಾಕ್ಷಿಯಾಗಬೇಕೇ ಅಂತ ಒಂದು ಬಣ ಕೇಳುತ್ತದೆ. ವಿರೋಧಿಗಳಿರುವ ಊರಿನಲ್ಲೇ ನಾವು ಕಾಣಿಸಿಕೊಳ್ಳಬೇಕು, ಅಂಗಳ ಬಿಟ್ಟುಕೊಟ್ಟರೆ ಅವರೇ ಗೆದ್ದಂತೆ ಅಂತ ಇನ್ನೊಂದು ಬಣ. ಎರಡೂ ಮಾತಿನಲ್ಲಿ ಹುರುಳಿದೆ. ಹೊರಗಿನಿಂದ ನೋಡುವವರು ಇದನ್ನು ‘ಅವರವರಲ್ಲೇ ಜಗಳ’ ಅಂತ ತಳ್ಳಿಹಾಕುವುದು ತಪ್ಪು. ಕೂಟ ಮುಗಿದ ಮೇಲೂ ಆ ಊರಲ್ಲೇ ಬದುಕಬೇಕಾದವರ ಲೆಕ್ಕ ಬೇರೆಯೇ ಇರುತ್ತದೆ.

ದುಡ್ಡಿನ ಪ್ರಶ್ನೆ

ಟಿವಿ ಹಕ್ಕಿನ ಕೋಟಿಗಳು ಈ ಕೂಟಕ್ಕಿಲ್ಲ. ನೋಂದಣಿ ಶುಲ್ಕ, ಪ್ರಾಯೋಜಕರು, ನಗರಸಭೆಯ ನೆರವು, ಇಷ್ಟೇ ಆದಾಯ. ಆಮ್‌ಸ್ಟರ್‌ಡ್ಯಾಮ್ ಮತ್ತು ಸಿಡ್ನಿ ಎರಡೂ ಕಡೆ ನಷ್ಟವಾಯಿತು. ಆದ್ದರಿಂದ ಕೂಟ ದೊಡ್ಡದಾಗಬೇಕೋ ಚಿಕ್ಕದಾಗಿ ಉಳಿಯಬೇಕೋ ಅನ್ನುವ ಜಗಳ ಹುಟ್ಟಿತು. 2006ಕ್ಕೆ ಆಯ್ಕೆಯಾಗಿದ್ದ ಮಾಂಟ್ರಿಯಲ್ ಗಾತ್ರ ಮತ್ತು ಹಣದ ಹಿಡಿತದ ವಿಷಯದಲ್ಲಿ ಆತಿಥ್ಯ ಕೊಡುವ ಗೇ ಗೇಮ್ಸ್ ಒಕ್ಕೂಟದ ಜೊತೆ ಮುರಿದುಕೊಂಡಿತು. ಗೇ ಗೇಮ್ಸ್ ಶಿಕಾಗೊಗೆ ಹೋಯಿತು. ಮಾಂಟ್ರಿಯಲ್ ಅದೇ ಬೇಸಿಗೆಯಲ್ಲಿ ‘ವರ್ಲ್ಡ್ ಔಟ್‌ಗೇಮ್ಸ್’ ಅನ್ನುವ ಎದುರಾಳಿ ಕೂಟ ನಡೆಸಿ ಲಕ್ಷಾಂತರ ಡಾಲರ್ ಸಾಲ ಮಾಡಿಕೊಂಡಿತು.

ಆ ಔಟ್‌ಗೇಮ್ಸ್‌ನ ಕೊನೆ ನೋಯಿಸುವಂಥದ್ದು. 2017ರ ಮೇ 26ರಂದು ಮಯಾಮಿಯಲ್ಲಿ ಉದ್ಘಾಟನೆ ಆಗಬೇಕಿತ್ತು. ಅದೇ ದಿನ, ಜನ ವಿಮಾನ ಇಳಿದು ಹೋಟೆಲು ಸೇರಿದ ಮೇಲೆ, ಹಣವಿಲ್ಲ ಅಂತ ಬಹುತೇಕ ಕಾರ್ಯಕ್ರಮಗಳನ್ನು ರದ್ದು ಮಾಡಲಾಯಿತು. ಫುಟ್‌ಬಾಲ್, ಈಜಿನಂಥ ಬೆರಳೆಣಿಕೆಯ ಸ್ಪರ್ಧೆಗಳು ಮಾತ್ರ ನಡೆದವು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಬಂದವರು ಕಿಟ್ ಬ್ಯಾಗ್ ಹಿಡಿದುಕೊಂಡೇ ವಾಪಸ್ ಹೋದರು. ಗೇ ಗೇಮ್ಸ್ ಒಕ್ಕೂಟ ಇಂದು ನಗರಸಭೆಯ ಬೆಂಬಲ ಇಲ್ಲದೆ ಮುಂದೆ ಹೋಗಲು ಯಾಕೆ ಹಿಂಜರಿಯುತ್ತದೆ ಅಂತ ಇದರಿಂದ ಅರ್ಥವಾಗುತ್ತದೆ. ಆದರೆ ನಗರಸಭೆಯ ದುಡ್ಡು ಬಂದರೆ ಅದರ ರಾಜಕೀಯವೂ ಜೊತೆಗೇ ಬರುತ್ತದೆ. ವೆಲೆನ್ಸಿಯಾದಲ್ಲಿ ಆಗಿರುವುದು ಇದೇ.

ಮುಂದೆ ಏನಾಗಬಹುದು?

ಅಮೆರಿಕ, ಯುರೋಪಿನ ಹಲವೆಡೆ ಗಾಳಿ ಬದಲಾಗುತ್ತಿದೆ. ಆತಿಥ್ಯ ಸಿಕ್ಕ ದಿನ ಇದ್ದ ಸರ್ಕಾರ ಕೂಟ ನಡೆಯುವ ದಿನವೂ ಇರುತ್ತದೆ ಅಂತ ಇನ್ನು ನಂಬುವಂತಿಲ್ಲ. ಹಾಗಾಗಿ ಆಯೋಜಕರು ಒಪ್ಪಂದಗಳನ್ನು ಇನ್ನಷ್ಟು ಬಿಗಿ ಮಾಡುವ, ಹಾಂಗ್‌ಕಾಂಗ್–ಗ್ವಾಡಲಹಾರಾದಂತೆ ಜೋಡಿ ನಗರಗಳತ್ತ ನೋಡುವ ಸಾಧ್ಯತೆ ಇದೆ. ಜೋಡಿ ನಗರ ಅಂದರೆ ಅಪಾಯ ಕಡಿಮೆ, ಆದರೆ ಎಲ್ಲರೂ ಒಂದೇ ಮೈದಾನದಲ್ಲಿ ಸೇರುವ ಖುಷಿಯೂ ಕಡಿಮೆ.

ಜಾಸ್ತಿ ಕಷ್ಟದ ವಿಷಯ ವೀಸಾ. ಇದು ಹೊಸದೇನಲ್ಲ. 1994ರಲ್ಲಿ ಎಚ್‌ಐವಿ ಇರುವ ವಿದೇಶಿಯರು ಅಮೆರಿಕಕ್ಕೆ ಬರುವಂತಿರಲಿಲ್ಲ. ನ್ಯೂಯಾರ್ಕ್ ಕೂಟಕ್ಕಾಗಿ ಸರ್ಕಾರ ವಿಶೇಷ ವಿನಾಯಿತಿ ಕೊಡಬೇಕಾಯಿತು. ಆ ನಿಷೇಧ ಪೂರ್ತಿ ಹೋಗಿದ್ದು 2010ರಲ್ಲಿ. ಇಂದಿನ ಅಡ್ಡಿ ಬೇರೆ ರೀತಿಯದು. ಬಡ ದೇಶಗಳ ಸ್ಪರ್ಧಿಗಳಿಗೆ ಒಕ್ಕೂಟದ ಸಹಾಯಧನ ನಿಧಿ ಪ್ರಯಾಣಕ್ಕೆ ನೆರವಾಗುತ್ತದೆ. ಆದರೆ ಟಿಕೆಟ್ಟಿನ ದುಡ್ಡು ಸಿಕ್ಕರೂ ಸ್ಪೇನ್‌ಗೆ ಬರಲು ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ಅದಕ್ಕೆ ಯಾಕೆ ಬರುತ್ತಿದ್ದೀರಿ ಅಂತ ತೋರಿಸುವ ಕಾಗದ ಬೇಕು. ಕೆಲಸದಲ್ಲಿ ಇರುವವರಾದರೆ ರಜೆ ಮಂಜೂರಾದ ಪತ್ರವನ್ನೂ ಕೇಳುವುದುಂಟು. ಸಲಿಂಗ ಸಂಬಂಧಕ್ಕೆ ಜೈಲು ಇರುವ ದೇಶದ ಒಬ್ಬ ಓಟಗಾರನನ್ನು ನೆನೆಯಿರಿ. ಅವನ ಕೈಯಲ್ಲಿ ಆಹ್ವಾನ ಪತ್ರ ಇದೆ, ಅದರ ತಲೆಬರಹದಲ್ಲಿ ದೊಡ್ಡದಾಗಿ ಗೇ ಗೇಮ್ಸ್ ಅಂತ ಅಚ್ಚಾಗಿದೆ. ಅದನ್ನು ಅವನು ವೀಸಾ ಅರ್ಜಿ ತೆಗೆದುಕೊಳ್ಳುವ ಕೌಂಟರಿನಲ್ಲಿ, ತನ್ನದೇ ಊರಿನ ಒಬ್ಬ ನೌಕರನ ಕೈಗೆ ಕೊಡಬೇಕು.